ಮಾಳಿಗೆ ಮೇಲಿನ ಹಾಯಿ

ಕಲಬುರಗಿಯಲ್ಲಿ ಯಾರ ಮುಂದಾದರೂ "ನನ್ನದೊಂದು ಹಾಯಿದೋಣಿ ಇದೆ" ಅಂದರೆ ಅವರು ಮೊದಲು ಅರ್ಧ ಹೆಜ್ಜೆ ಹತ್ತಿರ ಬಂದು ನನ್ನ ಬಾಯಿಯ ವಾಸನೆ ನೋಡುತ್ತಾರೆ. ಏನೂ ಸಿಗದಿದ್ದರೆ ಮುಂದಿನ ಪ್ರಶ್ನೆ ಒಂದೇ. "ಅಪ್ಪನ ಕೆರಿಯಾಗ ಬಿಟ್ಟೀರೇನ್ರಿ?"

ಅಪ್ಪನ ಕೆರೆಯಲ್ಲಿ ಬಿಟ್ಟಿಲ್ಲ. ದೋಣಿ ಮುಂಬೈಯಲ್ಲಿದೆ. 24 ಅಡಿ ಉದ್ದ, ಫೈಬರ್‌ಗ್ಲಾಸ್ ಮೈ, ನನ್ನ ಮಗನಿಗಿಂತ ಜಾಸ್ತಿ ವಯಸ್ಸು. ನನ್ನದು ಅಂದರೆ ಮೂರರಲ್ಲಿ ಒಂದು ಪಾಲು. ಮುಂಬೈಯಲ್ಲಿ ನೌಕರಿಯಲ್ಲಿದ್ದಾಗ ಇಬ್ಬರು ಗೆಳೆಯರ ಜೊತೆ ಸೇರಿ ಹಳೇ ಕಾರಿನ ರೇಟಿಗೆ ಕೊಂಡದ್ದು. ಆಮೇಲೆ ನಾನು ಊರಿಗೆ ವಾಪಸ್ ಬಂದೆ. ಅದು ಬರಲಿಲ್ಲ.

ನಮ್ಮೂರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಹೆಂಡತಿ ಆಗಾಗ ಕೇಳುತ್ತಾಳೆ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡ್ ನೋಡು, ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಮೇಲಿದ್ದೀವಿ ಅಂತ ಬರೆದಿದ್ದಾರೆ, ಅದೇ ಸಂಬಂಧ ಅನ್ನುತ್ತೇನೆ. ಅದಕ್ಕೂ ಒಪ್ಪದಿದ್ದರೆ ಕಾಲ ಕೆಳಗಿನ ಶಹಾಬಾದಿ ಕಲ್ಲು ತೋರಿಸುತ್ತೇನೆ. ಅದು ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಆದದ್ದು. ಅಂದರೆ ಸಮುದ್ರ ಕಲಬುರಗಿಗೆ ಬಂದು ಹೋಗಿದೆ. ನಾನೇ ಸ್ವಲ್ಪ ತಡವಾಗಿ ಹುಟ್ಟಿದೆ.

ದೋಣಿ ಇಡಿಯಾಗಿ ಯಾವತ್ತೂ ಇಲ್ಲಿಗೆ ಬಂದಿಲ್ಲ. ಬಿಡಿಬಿಡಿಯಾಗಿ ಬರುತ್ತಿರುತ್ತದೆ. ದೋಣಿ ಸಾಮಾನು ಅಂದ ಕೂಡಲೇ ಅಂಗಡಿಯವರ ರೇಟ್ ಮೂರು ಪಟ್ಟಾಗುತ್ತದೆ. ಹಾಗಾಗಿ ಗೆಳೆಯರು ಕೆಲಸ ಹಂಚಿದರು. ತಳಕ್ಕೆ ಅಂಟಿದ ಚಿಪ್ಪು ಕೆರೆಯುವುದು, ಬಣ್ಣ ಹೊಡೆಯುವುದು ಅವರ ಪಾಲು. ಬಿಚ್ಚಿ ಒಯ್ಯಲು ಬರುವಂಥದ್ದೆಲ್ಲ ನನ್ನ ಪಾಲು. "ನಿಮ್ ಕಡಿ ಎಲ್ಲಾ ಅಗ್ಗ ಅಲ್ಲೇನೋ" ಅಂದ ಒಬ್ಬ. ಅವನು ಸೊಲ್ಲಾಪುರದ ಕನ್ನಡಿಗ. ಅಲ್ಲಿ ಇನ್ನೂ ಅಗ್ಗ ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಹಾಗೆ ಒಂದು ಬೇಸಿಗೆಗೆ ನಮ್ಮನೆಗೆ ಎರಡು ಅತಿಥಿಗಳು ಬಂದವು. ಒಂದು, ದೋಣಿಯ ಹಿಂದೆ ಸಿಕ್ಕಿಸುವ 6 ಎಚ್‌ಪಿ ಎಂಜಿನ್. ಇನ್ನೊಂದು, ಹರಿದ ಹಾಯಿ.

ಎಂಜಿನ್ನಿನ ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು. ಓಣಿಯ ಪಂಪ್‌ಸೆಟ್ ಮೆಕ್ಯಾನಿಕ್ ಅರ್ಧ ತಾಸಿನಲ್ಲಿ ಅದನ್ನು ಸರಿ ಮಾಡಿದ. ಚಾಲೂ ಮಾಡಿ ನೋಡಬೇಕಲ್ಲ? ಈ ಎಂಜಿನ್ ಸುತ್ತಲಿನ ನೀರನ್ನೇ ಹೀರಿ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಒಳಗೆ ಹೂವಿನಂಥ ಒಂದು ರಬ್ಬರ್ ಚಕ್ರ ತಿರುಗಿ ನೀರು ಎತ್ತುತ್ತದೆ. ಒಣಗಿ ತಿರುಗಿದರೆ ನಿಮಿಷ, ಎರಡು ನಿಮಿಷದಲ್ಲಿ ಅದರ ಕತೆ ಮುಗಿಯಿತು. ಆದ್ದರಿಂದ ಮನೆಯಲ್ಲಿ ನಡೆಸುವಾಗ ಡ್ರಮ್ಮಿನ ನೀರಲ್ಲಿ ಇಳಿಬಿಡಬೇಕು. ಅಂಗಳದಲ್ಲಿ 200 ಲೀಟರಿನ ನೀಲಿ ಡ್ರಮ್ ಇತ್ತು. ತುಂಬಿತ್ತು. ಅದು ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಅನ್ನುವುದನ್ನು ನಾನು ಯೋಚನೆ ಮಾಡಲಿಲ್ಲ. ದೋಣಿಯನ್ನು ಮುಂದೆ ತಳ್ಳುವ ರೆಕ್ಕೆಯನ್ನು ಮೊದಲು ಬಿಚ್ಚಿಡಬೇಕು ಅನ್ನುವುದನ್ನೂ ಯೋಚನೆ ಮಾಡಲಿಲ್ಲ.

ಹಗ್ಗ ಎಳೆದೆ. ಗುಡುಗಿತು. ಡ್ರಮ್ಮಿನ ನೀರು ಸುತ್ತ ತಿರುಗಿ ಮೇಲೆದ್ದು ಅಂಗಳ, ತುಳಸಿಕಟ್ಟೆ, ಮೆಕ್ಯಾನಿಕ್, ಒಣಗಲು ಹಾಕಿದ್ದ ಸೀರೆ, ಎಲ್ಲದರ ಮೇಲೂ ಬಿತ್ತು. ಒಳಗಿಂದ ಹೆಂಡತಿ ಬಂದಳು. "ಕುಡಿಯೋ ನೀರ್ರೀ ಅದು!" ಅಂದಳು. ಒಂದು ಕೊಡ ಆಮೇಲೆ ತುಂಬಿಸಿಕೊಡ್ತೀನಿ ಅಂದೆ. ಎಲ್ಲಿಂದ ಅಂದಳು. ಮಾತಿಗೆ ಮಾತು ಬೆಳೆಯಿತು. ಡ್ರಮ್ಮಿನಲ್ಲಿ ಎರಡು ಗೇಣು ನೀರು, ಅದರ ಮೇಲೆ ಆಯಿಲ್ಲಿನ ಕಾಮನಬಿಲ್ಲು ಉಳಿದಿತ್ತು. ಎಂಜಿನ್ ಮಾತ್ರ ನಮ್ಮ ಜಗಳ ಮುಗಿಯುವವರೆಗೂ ನಡೆಯುತ್ತಲೇ ಇತ್ತು. ಆಹಾ, ಎಷ್ಟು ಚೆನ್ನಾಗಿ ನಡೀತಿದೆ ಅಂದುಕೊಂಡೆ. ಆ ರಬ್ಬರ್ ಚಕ್ರದ ನೆನಪು ನನಗೆ ಬಂದದ್ದು ಆರು ತಿಂಗಳಾದ ಮೇಲೆ.

ಇನ್ನು ಹಾಯಿ. ಮಾರ್ಚ್‌ನಲ್ಲಿ ಅದು ಹರಿದದ್ದು ನನ್ನಿಂದಲೇ. ಗಾಳಿ ಬೆನ್ನಿಗಿದ್ದಾಗ ಚುಕ್ಕಾಣಿ ಹಿಡಿದವನು ಮೈಮರೆಯಬಾರದು. ನಾನು ಶೇಂಗಾ ಸುಲಿಯುತ್ತಿದ್ದೆ. ದೋಣಿ ಸ್ವಲ್ಪ ತಿರುಗಿತು. ಹಾಯಿಯ ಕೆಳಗಿನ ಅಡ್ಡ ಕಂಬ ಒಂದು ಬದಿಯಿಂದ ಇನ್ನೊಂದು ಬದಿಗೆ ಧಡ್ ಅಂತ ಹಾರಿತು. ಸೊಲ್ಲಾಪುರದವನ ತಲೆ ಕೂದಲೆಳೆಯಲ್ಲಿ ಉಳಿಯಿತು. ಹಾಯಿ ಮಾತ್ರ ತಂತಿಗೆ ಸಿಕ್ಕು ಒಂದೂವರೆ ಮೊಳ ಹರಿಯಿತು.

ಅದನ್ನು ಮಡಚಿ ಚೀಲಕ್ಕೆ ತುಂಬಿ ಮುಂಬೈ ರೈಲಿನಲ್ಲಿ ತಂದೆ. ನಮ್ಮೂರಲ್ಲಿ ಇಷ್ಟು ದೊಡ್ಡ ಬಟ್ಟೆ ಹೊಲಿಯುವವರು ಅಂದರೆ ಶಾಮಿಯಾನ ಹೊಲಿಯುವ ಟೇಲರ್ ಮಾಸ್ಟರ್ ಒಬ್ಬರೇ. ಆದರೆ ಏಪ್ರಿಲ್ ಅಂದರೆ ಲಗ್ನದ ಸೀಸನ್. "ಸರ, ಬಸವ ಜಯಂತಿ ಮುಗೀಲಿ, ಆಮ್ಯಾಲೆ ನೋಡಮು" ಅಂದರು. ಹಾಯಿ ಮನೆಯಲ್ಲೇ ಉಳಿಯಿತು.

ಒಂದು ದಿನ ಮಾಳಿಗೆ ಹತ್ತಿ ನೋಡಿದರೆ ಹಾಯಿ ಪೂರ್ತಿ ಬಿಚ್ಚಿಕೊಂಡು ಮಲಗಿತ್ತು. ಎಂಟು ಮೀಟರ್ ಉದ್ದ, ಹಾಲಿನಂಥ ಬಿಳುಪು. ಅದರ ಮೇಲೆ ಸಾಲು ಸಾಲಾಗಿ ಅವ್ವನ ಸಂಡಿಗೆ. ಒಂದು ಮೂಲೆಯಲ್ಲಿ ಕೆಂಪು ಮೆಣಸಿನಕಾಯಿ. ನಾಲ್ಕು ಕಡೆ ಗಾಳಿಗೆ ಹಾರದಂತೆ ಕಲ್ಲು. ಗಾಳಿಗೆ ಹಾರಲೆಂದೇ ಹುಟ್ಟಿದ ಬಟ್ಟೆಯ ಮೇಲೆ ಕಲ್ಲು!

"ಅವ್ವಾ, ಇದು ಹಾಯಿ ಅದ."

"ಇರ್ಲಿ ತಗೋ ತಮ್ಮಾ. ಇಷ್ಟ್ ಚಲೋ ತಾಡಪತ್ರಿ ನಾ ನೋಡೇ ಇಲ್ಲ. ಒಂದ್ ಸಂಡಿಗೀನೂ ಅಂಟ್‌ಲಿಲ್ಲ."

ಅಂಟುವುದಿಲ್ಲ ನಿಜ. ಅದು ಡೇಕ್ರಾನ್, ಒತ್ತಾಗಿ ನೇಯ್ದು ರಾಳ ತುಂಬಿದ ಪಾಲಿಯೆಸ್ಟರ್. ಉಪ್ಪಿಗೆ ಅದು ಹೆದರುವುದಿಲ್ಲ, ಬಿಸಿಲಿಗೆ ಹೆದರುತ್ತದೆ. ಅದಕ್ಕೇ ದೋಣಿ ನಿಂತಾಗ ಹಾಯಿಗೆ ಗವಸು ಹಾಕಿ ಮುಚ್ಚಿಡುತ್ತೇವೆ. ಮೊದಲು ಸೋಲುವುದು ಹೊಲಿಗೆಯ ದಾರ. ಇಲ್ಲಿ ನಮ್ಮ ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ ಅದು ಒಂದು ತಿಂಗಳು ಅಂಗಾತ ಮಲಗಿ ಓಣಿಯ ಏಳು ಮನೆಯ ಸಂಡಿಗೆ, ಹಪ್ಪಳ, ಶಾವಿಗೆ ಒಣಗಿಸಿತು. ಬೇಡ ಅನ್ನುವ ಧೈರ್ಯ ನನಗೆ ಬರಲಿಲ್ಲ. ಡ್ರಮ್ಮಿನ ಗಲಾಟೆ ಇನ್ನೂ ಹಸಿಯಾಗಿತ್ತು.

ಜೂನ್‌ನಲ್ಲಿ ಮಾಸ್ಟರ್ ಫೋನ್ ಮಾಡಿದರು. ಕೊಟ್ಟು ಬಂದೆ. ಹರಿದದ್ದಷ್ಟೇ ಹೊಲಿಯಿರಿ ಅಂತ ಮೂರು ಸಲ ಹೇಳಿದೆ. ಹದಿನೈದು ದಿನ ಬಿಟ್ಟು ಹೋದಾಗ ಅವರ ಮುಖದಲ್ಲಿ ಮಗಳ ಲಗ್ನ ಮಾಡಿ ಮುಗಿಸಿದ ಕಳೆ ಇತ್ತು.

"ಸರ, ಅರಿವಿ ಭಾಳ ಛಲೋ ಅದ. ಆದ್ರ ಇದನ್ನ ಹೊಲ್ದಾಂವ ಕಚ್ಚಾ ಟೇಲರ್. ನೆಲಕ್ಕ ಹಾಸಿದ್ರ ನಡುವ ಹೊಟ್ಟಿ ಬರ್ತದ. ಎಲ್ಲಾ ಜೋಡಣಿ ಬಿಚ್ಚಿ ಸಪಾಟ ಮಾಡೀನಿ ನೋಡ್ರಿ."

ನನ್ನ ಹೊಟ್ಟೆಯೊಳಗೆ ಏನೋ ಇಳಿಯಿತು. ಹಾಯಿಗೆ ಆ ಹೊಟ್ಟೆಯೇ ಜೀವ. ಪಟ್ಟಿಗಳ ಅಂಚನ್ನು ಕೂದಲೆಳೆಯಷ್ಟು ಬಾಗಿಸಿ ಕತ್ತರಿಸಿ ಜೋಡಿಸುತ್ತಾರೆ. ಗಾಳಿ ತುಂಬಿದಾಗ ವಿಮಾನದ ರೆಕ್ಕೆಯಂತೆ ಬಾಗು ಬರುವುದು ಅದರಿಂದಲೇ. ಆ ಬಾಗು ಇದ್ದರೆ ದೋಣಿ ಗಾಳಿಗೆ ಎದುರಾಗಿ ಓರೆಓರೆಯಾಗಿ ಚೆನ್ನಾಗಿ ಹೋಗಬಲ್ಲದು. ಲೆಕ್ಕ ಹಾಕಿ ಕೂರಿಸಿದ ಆ ಬಾಗನ್ನು ಮಾಸ್ಟರ್ ಹತ್ತಿ ದಾರದಲ್ಲಿ ನೇರ ಹೊಲಿಗೆ ಹಾಕಿ, ಇಸ್ತ್ರಿ ಹೊಡೆದಂತೆ ನೀಟಾಗಿ ತೆಗೆದಿದ್ದರು.

"ಇನ್ನೊಂದ್ ಅದ ಸರ. ಇದಕ್ಕ ರೊಕ್ಕ ಬ್ಯಾಡ" ಅಂತ ಕೆಳಗಿನ ಅಂಚು ಬಿಚ್ಚಿ ತೋರಿಸಿದರು. ಉದ್ದಕ್ಕೂ ಕೆಂಪು ಹಳದಿ ಝಾಲರ್. ಲಗ್ನದ ಮಂಟಪದಲ್ಲಿ ಉಳಿದದ್ದು.

ಇಷ್ಟು ಪ್ರೀತಿಯಿಂದ ಹಾಕಿದ್ದನ್ನು ಅವರೆದುರೇ ಕಿತ್ತು ಹಾಕಿ ಅನ್ನುವುದು ಹೇಗೆ? ಆಮೇಲೆ ನಾನೇ ಬಿಚ್ಚಿದರಾಯಿತು ಅಂದುಕೊಂಡೆ. ಮರೆತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆ ಕರಾವಳಿಯಲ್ಲಿ ಇಂಥ ದೋಣಿಗಳನ್ನೆಲ್ಲ ದಡಕ್ಕೆ ಎಳೆದಿಡುತ್ತಾರೆ. ಅಕ್ಟೋಬರ್‌ನಲ್ಲಿ ನೀರಿಗಿಳಿಸಿ, ಎಂಜಿನ್ ಸಿಕ್ಕಿಸಿ, ಹಾಯಿ ಏರಿಸಿದೆವು. ಗೆಳೆಯರು ಝಾಲರ್ ನೋಡಿದರು. ಏನೂ ಅನ್ನಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು.

ದಕ್ಷಿಣಕ್ಕೆ ರೇವದಂಡಾದವರೆಗೆ ಹೋಗಿ ಬರೋಣ ಅಂತ ಪ್ಲಾನ್. ತೆಳುವಾದ ಗಾಳಿ. ಹೊಟ್ಟೆ ಇಲ್ಲದ ಹಾಯಿ ಹಲಗೆಯಂತೆ ಸುಮ್ನೆ ನಿಂತಿತ್ತು. ಅಕ್ಕಪಕ್ಕದ ದೋಣಿಗಳು ಮುಂದೆ ಹೋದವು, ಒಂದು ಪ್ಲಾಸ್ಟಿಕ್ ಚಪ್ಪಲಿಯೂ ನಮ್ಮನ್ನು ದಾಟಿ ಹೋಯಿತು. ರೇವದಂಡಾ ಖಾಡಿಯ, ಅಂದರೆ ಅಳಿವೆಯ, ಬಾಯಿ ಮುಟ್ಟುವ ಹೊತ್ತಿಗೆ ಇಳಿತ ಶುರುವಾಗಿತ್ತು. ಕೆರೆ ನೋಡಿ ಬೆಳೆದ ನಮ್ಮಂಥವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ನೀರು ವರ್ಷಕ್ಕೊಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಅಲ್ಲಿ ದಿನಕ್ಕೆ ಎರಡೆರಡು ಸಲ. ಎಂಜಿನ್ ಹಾಕು ಅಂದರು. ಹಾಕಿದೆ. ಎರಡು ನಿಮಿಷಕ್ಕೆ ಸುಟ್ಟ ರಬ್ಬರಿನ ವಾಸನೆ ಬಂತು. ಅಂಗಳ, ಡ್ರಮ್, ಹೆಂಡತಿಯ ಮುಖ, ಎಲ್ಲ ಒಟ್ಟಿಗೆ ಕಣ್ಮುಂದೆ ಬಂತು. ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿಗೆ ದೋಣಿಯ ತಳದಿಂದ ಕೆಳಗೆ ಚಾಚಿದ ಭಾಗ, ಅಂದರೆ ಕೀಲ್, ಮೆತ್ತಗೆ ಕೆಸರಿಗೆ ತಾಗಿತು. ನೀರು ಹೋಯಿತು. ದೋಣಿ ಒಂದು ಬದಿಗೆ ವಾಲಿ ಮಲಗಿತು.

ಮತ್ತೆ ನೀರು ಬರಲು ಇನ್ನೂ ಹಲವು ತಾಸು. ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಸಮುದ್ರಕ್ಕೆ ಇದಕ್ಕಿಂತ ಒಳ್ಳೇ ಊಟ ಇಲ್ಲ. ತಿಂಗಳಾದರೂ ಕೆಡುವುದಿಲ್ಲ, ನೆನೆದರೂ ಬರೀ ಮೆತ್ತಗಾಗುತ್ತದೆ. ಹೊತ್ತು ಕಳೆಯಲು ಗೆಳೆಯರಿಗೆ ಕತೆ ಹೇಳಿದೆ. ಇದೇ ಪಕ್ಕದ ಚೌಲ್ ಬಂದರಿಗೆ 15ನೇ ಶತಮಾನದಲ್ಲಿ ರಷ್ಯಾದ ಅಫನಾಸಿ ನಿಕಿತಿನ್ ಅನ್ನುವ ವ್ಯಾಪಾರಿ ಹೊರ್ಮುಜ್‌ನಿಂದ ಬಂದಿಳಿದ. ಜೊತೆಗೆ ಒಂದು ಕುದುರೆ ತಂದಿದ್ದ. ಅಲ್ಲಿಂದ ನೆಲದ ದಾರಿಯಲ್ಲಿ ನಮ್ಮ ಬೀದರ್‌ವರೆಗೆ ಹೋಗಿ ಆ ಕುದುರೆ ಮಾರಿದ.

"ನಂ ಹತ್ರನೂ ಆರು ಕುದುರಿ ಅದಾವಲ್ಲೋ" ಅಂದ ಸೊಲ್ಲಾಪುರದವನು, ಎಂಜಿನ್ ಕಡೆ ನೋಡಿ. "ಆರೂ ಸತ್ತಾವ."

ಅಷ್ಟರಲ್ಲಿ ಮೊಣಕಾಲುದ್ದ ಕೆಸರು ತುಳಿಯುತ್ತ ಒಬ್ಬ ಮುದುಕ ಮೀನುಗಾರ ಹತ್ತಿರ ಬಂದ. ಓರೆಯಾದ ದೋಣಿ ನೋಡಿದ. ಗಾಳಿಗೆ ಪಟಪಟ ಅನ್ನುತ್ತಿದ್ದ ಕೆಂಪು ಹಳದಿ ಝಾಲರ್ ನೋಡಿದ. ಅದರ ಮೇಲಿನ ಮೆಣಸಿನಕಾಯಿ ಕಲೆಯನ್ನೂ ನೋಡಿದ. "ಲಗ್ನ ಆಹೇ ಕಾ?" ಅಂತ ಕೇಳಿದ.

ಏನು ಹೇಳುವುದು? ಎರಡು ರೊಟ್ಟಿ, ಮೇಲೆ ಒಂದು ಮುಷ್ಟಿ ಹಿಂಡಿ ಇಟ್ಟು ಕೊಟ್ಟೆ. ನಿಂತಲ್ಲೇ ಕಟಕಟ ಅಂತ ತಿಂದ. ಬಾಯಿ ಒರೆಸಿಕೊಂಡು "ನವರಾ ಕೋಣ್?" ಅಂದ. ಮದುಮಗ ಯಾರು ಅಂತ.

ಇಬ್ಬರೂ ಗೆಳೆಯರು ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು.