ಸುತ್ತ ಯಾರೂ ಇಲ್ಲ ತಾನೇ?

ನಾಯಿ ಕಕ್ಕಕ್ಕೆ ಕೂರುವ ಮುಂಚೆ ಗಿರಕಿ ಹೊಡೆಯುತ್ತದೆ. ನಮ್ಮ ಗುಂಡನದು ಸಾಧಾರಣವಾಗಿ ನಾಲ್ಕು ಸುತ್ತು. ಕೆಲವು ದಿನ ಆರು. ಮೂಗು ನೆಲಕ್ಕೆ ಹಚ್ಚಿ ಒಂದು ಜಾಗ ನೋಡುತ್ತದೆ. ಬೇಡ ಅಂತ ಬಿಡುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಅದೇ ಜಾಗಕ್ಕೆ ವಾಪಸು ಬರುತ್ತದೆ. ಮನೆ ಕಟ್ಟಲು ಜಾಗ ಹುಡುಕುವವರೂ ಇಷ್ಟು ಅಳೆದು ಸುರಿದು ನೋಡಲಿಕ್ಕಿಲ್ಲ. ಕೊನೆಗೆ ಬೆನ್ನು ಬಿಲ್ಲಾಗಿಸಿ ಕೂತ ಮೇಲೆ ನನ್ನನ್ನೇ ನೋಡುತ್ತದೆ, ಕಣ್ಣು ಕೀಳದೆ. ಆ ಹೊತ್ತಿನಲ್ಲಿ ಅದಕ್ಕೆ ಓಡಲೂ ಆಗದು, ಕಚ್ಚಲೂ ಆಗದು. 'ನೀನಿದ್ದೀಯಲ್ಲ, ಸುತ್ತ ಸ್ವಲ್ಪ ನೋಡಿಕೋ' ಅನ್ನುತ್ತಿರಬಹುದು ಅನ್ನುವುದು ನನ್ನ ಊಹೆ.

ನಾನೂ ಸುತ್ತ ನೋಡುತ್ತೇನೆ. ಆದರೆ ಬೇರೆ ಕಾರಣಕ್ಕೆ.

ನಾಯಿಯ ಈ ಕೂರುವಿಕೆಯ ಬಗ್ಗೆ ವಿಜ್ಞಾನಿಗಳು ಕೂಡ ತಲೆ ಕೆಡಿಸಿಕೊಂಡಿದ್ದಾರೆ. ಝೆಕ್ ಮತ್ತು ಜರ್ಮನಿಯ ಸಂಶೋಧಕರು ಎರಡು ವರ್ಷ 70 ನಾಯಿಗಳ ಹಿಂದೆ ದಿಕ್ಸೂಚಿ ಹಿಡಿದು ತಿರುಗಿ, 1,893 ಸಲ ಅವು ಯಾವ ದಿಕ್ಕಿಗೆ ಮುಖ ಮಾಡಿ ಕೂತವು ಅಂತ ಬರೆದಿಟ್ಟುಕೊಂಡರು. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಉತ್ತರ-ದಕ್ಷಿಣವಾಗಿ ಕೂರಲು ಇಷ್ಟಪಡುತ್ತವೆ ಅಂತ 2013ರಲ್ಲಿ ಪ್ರಕಟಿಸಿದರು. ಮಾರನೇ ವರ್ಷ ಅದಕ್ಕೆ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುತ್ತಾರಲ್ಲ, ಅದು. ನಾನೂ ಒಂದು ವಾರ ಪರೀಕ್ಷೆ ಮಾಡಿದೆ. ಗುಂಡನ ಮುಖ ಯಾವ ದಿಕ್ಕಿಗಿತ್ತೋ ಗೊತ್ತಾಗಲಿಲ್ಲ, ಹಿಂಭಾಗ ಮಾತ್ರ ಪ್ರತಿದಿನ ಸರಿಯಾಗಿ ದಾರಿಯ ನಡುಮಧ್ಯಕ್ಕಿತ್ತು.

ಅಳೆಯಬೇಕಾಗಿದ್ದು ಇನ್ನೊಂದಿತ್ತು. ನಾಯಿ ಕೂತಾಗ ಅದರ ಯಜಮಾನ ಯಾವ ದಿಕ್ಕಿಗೆ ನೋಡುತ್ತಾನೆ? ಇದಕ್ಕೆ ದಿಕ್ಸೂಚಿ ಬೇಕಿಲ್ಲ. ಒಬ್ಬರು ಇದ್ದಕ್ಕಿದ್ದಂತೆ ಆಕಾಶ ನೋಡುತ್ತಾರೆ, ಮೋಡ ಎಣಿಸುವವರ ಹಾಗೆ. ಇನ್ನೊಬ್ಬರಿಗೆ ಅದೇ ಗಳಿಗೆಯಲ್ಲಿ ಫೋನು ಬರುತ್ತದೆ. ನನಗೆ ಜಾಸ್ತಿ ಇಷ್ಟವಾಗುವವರು ಹಗ್ಗ ಬಿಚ್ಚಿ ಇಪ್ಪತ್ತು ಹೆಜ್ಜೆ ಮುಂದೆ ನಡೆದು ಹೋಗುವವರು. ಆ ಇಪ್ಪತ್ತು ಹೆಜ್ಜೆಯ ಮಟ್ಟಿಗೆ ಅವರಿಗೂ ಆ ನಾಯಿಗೂ ಪರಿಚಯವೇ ಇಲ್ಲ.

ಪೇಟೆಯ ಬೀದಿಯಲ್ಲಿ ಇದು ಅಷ್ಟು ಸುಲಭವಲ್ಲ. ಅಲ್ಲಿ ಪ್ರತಿ ಕಿಟಕಿಗೂ ಕಣ್ಣಿದೆ. ಅಲ್ಲಿ ಚಕ್ಕಂತ ಚೀಲ ತೆಗೆದು, ನಾಲ್ಕು ಜನಕ್ಕೆ ಕಾಣುವ ಹಾಗೆ ಬಗ್ಗಿ ಎತ್ತುವ ಅದೇ ಮನುಷ್ಯ ಹೊಲದ ಅಂಚಿನ ಕಾಲುದಾರಿಗೆ ಬಂದರೆ ಬೇರೆಯೇ ಆಗಿಬಿಡುತ್ತಾನೆ. ಎರಡೂ ಕಡೆ ಬೇಲಿ. ಹಕ್ಕಿಗಳ ಸದ್ದು. ದೂರದಲ್ಲಿ ಯಾವುದೋ ಹಸು ಕತ್ತೆತ್ತಿ ನೋಡಿ ಮತ್ತೆ ಮೇಯುತ್ತದೆ. ಹಸು ಸಾಕ್ಷಿ ಹೇಳುವುದಿಲ್ಲ. ಇಷ್ಟೊಂದು ಬಯಲಿದೆ, ಇಷ್ಟೊಂದು ಹುಲ್ಲಿದೆ, ಒಂದು ಹಿಡಿ ಗಲೀಜು ಯಾವ ಲೆಕ್ಕ, ಅಲ್ವಾ?

ಕಾನೂನು ಮಾಡುವವರಿಗೂ ಒಂದು ಕಾಲಕ್ಕೆ ಹಾಗೇ ಅನ್ನಿಸಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರಲ್ಲಿ ನಾಯಿ ಗಲೀಜಿಗೆಂದೇ ಒಂದು ಕಾಯ್ದೆ ಬಂತು. ನಾಯಿ ಹೊಲಸು ಮಾಡಿದರೆ ಜೊತೆಗಿದ್ದವರು ತಕ್ಷಣ ಎತ್ತಬೇಕು, ಇಲ್ಲದಿದ್ದರೆ ದಂಡ. ಓದಿದರೆ ಕಟ್ಟುನಿಟ್ಟಾಗಿಯೇ ಇದೆ. ಆದರೆ ವಿನಾಯಿತಿಗಳ ಪಟ್ಟಿ ನೋಡಬೇಕು. ಬೇಸಾಯದ ಜಮೀನು, ಕಾಡು, ಜೌಗು, ಕುರುಚಲು ಬಯಲು, ಕಡೆಗೆ ಗಂಟೆಗೆ 40 ಮೈಲಿಗಿಂತ ಜಾಸ್ತಿ ವೇಗದಲ್ಲಿ ಓಡಬಹುದಾದ ರಸ್ತೆಯ ಅಂಚು ಕೂಡ. ಹಳ್ಳಿಗಾಡನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನಾಯಿಗೆ ಬರೆದುಕೊಟ್ಟಂತಾಯಿತು. 2005ರಲ್ಲಿ ಬೇರೆ ಕಾಯ್ದೆ ಬಂದು ಇದನ್ನು ಪಕ್ಕಕ್ಕಿಟ್ಟಿತು. ನಮ್ಮ ಮನಸ್ಸಿನಲ್ಲಿ ಮಾತ್ರ ಆ ಪಟ್ಟಿ ಇನ್ನೂ ಜಾರಿಯಲ್ಲಿದೆ.

ಮಾತಿಗೆ ನಿಂತರೆ ಎಲ್ಲರೂ ಹೇಳುವುದು ಒಂದೇ. 'ಹಸು ಹಾಕಲ್ವಾ? ಕುರಿ ಹಾಕಲ್ವಾ? ನಾಯೀದೇನು ಮಹಾ?'

ನಮ್ಮ ಭಾಷೆ ಇದಕ್ಕೆ ಎಂದೋ ಉತ್ತರ ಕೊಟ್ಟಿದೆ. ಹಸು ಹಾಕಿದರೆ ಸಗಣಿ. ಕುದುರೆ ಹಾಕಿದರೆ ಲದ್ದಿ. ಕುರಿ, ಮೇಕೆ ಹಾಕಿದರೆ ಹಿಕ್ಕೆ. ಒಂದೊಂದಕ್ಕೂ ಒಂದೊಂದು ಹೆಸರು, ಎಲ್ಲರೆದುರು ಬಾಯಿಬಿಟ್ಟು ಹೇಳಬಹುದಾದ ಹೆಸರು. ನಾಯಿಯದಕ್ಕೆ ಮಾತ್ರ ಯಾರೂ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಮನುಷ್ಯನದಕ್ಕೆ ಏನನ್ನುತ್ತೇವೋ ಅದನ್ನೇ ಅಂಟಿಸಿಬಿಟ್ಟರು. ಸುಮ್ನೆ ಅಲ್ಲ ಅದು. ಹಸು ಆ ಹೊಲದ ಹುಲ್ಲನ್ನೇ ತಿಂದು ಆ ಹೊಲಕ್ಕೇ ಹಾಕುತ್ತದೆ. ನಾಯಿ ಹಾಗಲ್ಲ. ಮನೆಯಲ್ಲಿ ಪ್ಯಾಕೆಟ್ಟಿನಲ್ಲಿ ಬಂದಿದ್ದನ್ನು ತಿಂದು, ಅರಗಿಸಿಕೊಂಡು, ಉಳಿದಿದ್ದನ್ನು ತಂದು ಬೇರೆಯವರ ನೆಲಕ್ಕೆ ಇಳಿಸಿ ಹೋಗುತ್ತದೆ. ನಾವು ಅದರ ಸಾರೋಟು ಅಷ್ಟೇ.

'ಗೊಬ್ಬರ ತಾನೇ, ಒಳ್ಳೇದೇ' ಅನ್ನುವವರೂ ಇದ್ದಾರೆ. ಬೆಲ್ಜಿಯಮ್ಮಿನ ಗೆಂಟ್ ನಗರದ ಸಂಶೋಧಕರು ಊರಂಚಿನ 4 ಸಂರಕ್ಷಿತ ತಾಣಗಳಲ್ಲಿ ಒಂದೂವರೆ ವರ್ಷ ನಾಯಿಗಳನ್ನು ಎಣಿಸಿ, 2022ರಲ್ಲಿ ಲೆಕ್ಕ ಕೊಟ್ಟರು. ವರ್ಷಕ್ಕೆ ಪ್ರತಿ ಹೆಕ್ಟೇರಿಗೆ ಸುಮಾರು 11 ಕಿಲೋ ಸಾರಜನಕ, 5 ಕಿಲೋ ರಂಜಕ ನಾಯಿಗಳಿಂದಲೇ ಬೀಳುತ್ತದೆ. ಗೊಬ್ಬರವೇ, ಒಪ್ಪೋಣ. ಆದರೆ ಕೇಳಿದವರು ಯಾರು? ಬಡ ಮಣ್ಣಿನಲ್ಲಿ ಬೆಳೆಯುವ ಸಣ್ಣ ಹೂಗಿಡಗಳಿಗೆ ಈ ಉಪಚಾರ ಒಗ್ಗುವುದಿಲ್ಲ. ತುರಿಕೆ ಸೊಪ್ಪಿನಂಥ ದಾಂಡಿಗ ಗಿಡಗಳು ಎದ್ದು ಬಂದು ಅವನ್ನು ಮುಚ್ಚಿಬಿಡುತ್ತವೆ. ಎಲ್ಲರೂ ಎತ್ತಿಕೊಂಡು ಹೋದರೆ ರಂಜಕ ಶೇ. 97ರಷ್ಟು ಇಳಿಯುತ್ತದಂತೆ. ಸಾರಜನಕ ಮಾತ್ರ ಅರ್ಧದ ಆಸುಪಾಸು, ಯಾಕೆಂದರೆ ಉಚ್ಚೆಯನ್ನು ಎತ್ತುವ ಚೀಲ ಇನ್ನೂ ಬಂದಿಲ್ಲ.

ನನ್ನನ್ನು ನಿಜವಾಗಿ ತಟ್ಟಿದ್ದು ಹೂವಿನ ಕತೆಯಲ್ಲ, ಕರುವಿನ ಕತೆ. ನಿಯೋಸ್ಪೋರಾ ಅಂತ ಒಂದು ಪರೋಪಜೀವಿ ಇದೆ, ಕಣ್ಣಿಗೆ ಕಾಣದ್ದು. ಸೋಂಕಿರುವ ಹಸಿ ಮಾಂಸವನ್ನೋ, ಹಸು ಈದಾಗ ಬಿದ್ದ ಕಸವನ್ನೋ ನಾಯಿ ತಿಂದರೆ ಅದು ನಾಯಿಯ ಹೊಟ್ಟೆ ಸೇರುತ್ತದೆ. ನಾಯಿ ಬಹುಮಟ್ಟಿಗೆ ಆರಾಮಾಗಿಯೇ ಇರುತ್ತದೆ, ಬಾಲ ಆಡಿಸಿಕೊಂಡು. ಅದರ ಕಕ್ಕದ ಮೂಲಕ ಹುಲ್ಲಿಗೋ ನೀರಿಗೋ ಬಿದ್ದಿದ್ದನ್ನು ಗಬ್ಬದ ಹಸು ತಿಂದರೆ ಕಂದು ಹಾಕಬಹುದು, ಅಂದರೆ ಗರ್ಭಪಾತವಾಗಬಹುದು. ಕಂದು ಹಾಕದೆ ಉಳಿದ ಕರುವಿಗೂ ಸೋಂಕು ಅಂಟಿ, ಅದರ ಕರುವಿಗೂ ದಾಟಬಹುದು. ಎಲ್ಲ ನಾಯಿಯಲ್ಲೂ ಇದು ಇರುತ್ತದೆ ಅಂತಲ್ಲ. ಆದರೆ ಯಾವ ನಾಯಿಯಲ್ಲಿದೆ ಅಂತ ನೋಡಿ ಹೇಳಲು ಆಗುವುದಿಲ್ಲವಲ್ಲ. ದನ ಸಾಕುವವರೊಬ್ಬರು ಬೇಲಿಯ ಆ ಕಡೆಯಿಂದ ಗುಂಡನನ್ನು ನೋಡುತ್ತಿದ್ದ ನೋಟ ನೆನಪಾಯಿತು. ನಾಯಿ ಕಂಡರೆ ಆಗದ ಮನುಷ್ಯ ಅಂತ ನಾನು ಅಂದುಕೊಂಡಿದ್ದೆ.

ಇನ್ನೊಂದು ತಪ್ಪು ಲೆಕ್ಕ ಒಣಗಿದ್ದರ ಬಗ್ಗೆ. ಹಸಿಯಾಗಿದ್ದರೆ ಹೇಸಿಗೆ, ಒಣಗಿದರೆ ಮಣ್ಣು ಅಂತ ನಾವು ತಿಳಿಯುತ್ತೇವೆ. ನಾಯಿಯ ದುಂಡುಹುಳು, ಟೊಕ್ಸೊಕಾರಾ ಅನ್ನುವ ಹುಳು, ಸರಿಯಾಗಿ ಉಲ್ಟಾ. ಅದರ ಮೊಟ್ಟೆಗಳು ಹೊರಬಿದ್ದ ಹೊಸತರಲ್ಲಿ ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಕೆಲವು ವಾರ ಮಾಗಬೇಕು. ಮಾಗಿದ ಮೇಲೆ ವರ್ಷಗಟ್ಟಲೆ ಬದುಕಬಲ್ಲವು. ಗಲೀಜು ಮಳೆಗೆ ಕರಗಿ, ಗುರುತೂ ಇಲ್ಲದ ಮೇಲೆ ಅಲ್ಲೊಂದು ಮಗು ಮಣ್ಣಾಡಿ ಕೈ ಬಾಯಿಗಿಡುತ್ತದೆ. ಅಪರೂಪಕ್ಕೆ ಕಣ್ಣಿಗೂ ಕುತ್ತು ಬರುತ್ತದೆ. ನಾಯಿಗೆ ಹೊತ್ತಿಗೆ ಸರಿಯಾಗಿ ಜಂತುಹುಳದ ಮಾತ್ರೆ ಹಾಕುವುದು ಈ ಕಾರಣಕ್ಕೂ ಹೌದು. ಗುಂಡ ಆ ಮಾತ್ರೆಯನ್ನು ಕೆನ್ನೆಯೊಳಗೆ ಬಚ್ಚಿಟ್ಟುಕೊಂಡು, ನಾನು ತಿರುಗಿದ ಮೇಲೆ ಸೋಫಾ ಹಿಂದೆ ಉಗಿಯುತ್ತದೆ. ಅದು ಬೇರೆ ಕತೆ.

ಈಗ ಚೀಲಕ್ಕೆ ಬರೋಣ. ಎತ್ತುವ ವಿದ್ಯೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೀಲವನ್ನು ಒಳಹೊರಗು ಮಾಡಿ ಕೈಗೆ ಗವಸಿನ ಹಾಗೆ ಹಾಕಿಕೊಳ್ಳಬೇಕು. ಹಿಡಿಯಬೇಕು. ಹಿಡಿದ ಹಾಗೇ ಚೀಲ ಮಗುಚಬೇಕು. ಮೂರೇ ಸೆಕೆಂಡು. ಕಷ್ಟ ವಾಸನೆಯದಲ್ಲ, ಬಿಸಿಯದು. ತೆಳುವಾದ ಪ್ಲಾಸ್ಟಿಕ್ಕಿನ ಆ ಕಡೆಯಿಂದ ಒಂದು ಬೆಚ್ಚನೆಯ ಭಾರ ಅಂಗೈಗೆ ತಾಗುತ್ತದಲ್ಲ, ಚಳಿಗಾಲದ ಬೆಳಗ್ಗೆ ಅದು ಹಿತವಾಗಿರುತ್ತದೆ ಅಂತ ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಎತ್ತದವರ ಮೇಲೆ ನನಗೆ ಸಿಟ್ಟಿದೆ. ಆದರೆ ಎತ್ತಿ, ಚೀಲಕ್ಕೆ ಹಾಕಿ, ಎರಡು ಗಂಟು ಬಿಗಿದು, ಆಮೇಲೆ ಅದನ್ನು ಕೊಂಬೆಗೆ ನೇತುಹಾಕಿ ಹೋಗುವವರು ನನಗೆ ಅರ್ಥವೇ ಆಗಿಲ್ಲ. ಅಷ್ಟೂ ಕೆಲಸ ಮಾಡಿದ್ದಾರೆ. ಅಸಹ್ಯದ ಭಾಗ ಮುಗಿದಿದೆ. ಉಳಿದಿದ್ದು ಕೈಯಲ್ಲಿ ಹಿಡಿದು ನಡೆಯುವುದೊಂದೇ. ಅಲ್ಲಿಗೆ ಸಾಕಾಗಿದೆ. ವಾಪಸು ಬರುವಾಗ ತಗೊಳ್ಳೋಣ ಅಂದುಕೊಂಡು, ಬೇರೆ ದಾರಿಯಲ್ಲಿ ವಾಪಸು ಹೋಗಿರಬೇಕು. ಬ್ರಿಟನ್ನಿನಲ್ಲಿ ಇಂಥವರಿಗಾಗಿ ಒಂದು 'ಕಕ್ಕದ ಕಿನ್ನರಿ'ಯನ್ನು ತಮಾಷೆಗೆ ಸೃಷ್ಟಿಸಿದ್ದಾರೆ, ರಾತ್ರಿ ಬಂದು ಚೀಲಗಳನ್ನೆಲ್ಲ ಎತ್ತಿಕೊಂಡು ಹೋಗುವವಳು. ಚೀಲದೊಳಗಿನದು ಬಯಲಲ್ಲೇ ಬಿದ್ದಿದ್ದರೆ ಮಳೆಗಾದರೂ ಕರಗುತ್ತಿತ್ತು. ಪ್ಲಾಸ್ಟಿಕ್ಕಿನೊಳಗೆ ಅದು ಉಪ್ಪಿನಕಾಯಿಯ ಹಾಗೆ ಕೆಡದೆ ಕೂತಿರುತ್ತದೆ. ದಟ್ಟ ಕಾಡಿನಲ್ಲಾದರೆ ಚೀಲವೇ ಬೇಡ, ಒಂದು ಕಡ್ಡಿಯಿಂದ ದಾರಿ ಬಿಟ್ಟು ದೂರದ ಪೊದೆಗೆ ಚಿಮ್ಮಿಸಿ ಅಂತ ಅಲ್ಲಿನ ಅರಣ್ಯದವರೇ ಹೇಳಿದ್ದುಂಟು. ಹೊಲಕ್ಕೆ, ಹುಲ್ಲುಗಾವಲಿಗೆ ಆ ಸಲಹೆ ಹೊಂದುವುದಿಲ್ಲ. ಕರುವಿನ ಕತೆ ಗೊತ್ತಾಯಿತಲ್ಲ.

ನಾನು ನಡೆಯುವ ದಾರಿಯ ತಿರುವಿನಲ್ಲಿ ಒಂದು ಮುಳ್ಳುಪೊದೆ ಇದೆ. ಅದರಲ್ಲಿ ಒಂದು ನೀಲಿ ಚೀಲ. ಎಷ್ಟು ವಾರದಿಂದ ನೋಡುತ್ತಿದ್ದೇನೋ ಲೆಕ್ಕವಿಲ್ಲ. ಎಲೆ ತುಂಬಿದ್ದಾಗ ಅರ್ಧ ಕಾಣುತ್ತಿತ್ತು. ಎಲೆ ಉದುರಿದ ಮೇಲೆ ಆ ಪೊದೆಗೆ ಅದೊಂದೇ ಹಣ್ಣು. ಗಂಟಿನ ಕಿವಿಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ದಿನಾ ದಾಟುವಾಗ ಯಾರೋ ಏನೋ ಅಂತ ಬೈದುಕೊಂಡು ಹೋಗುತ್ತಿದ್ದೆ. ಬೈಯುವುದಕ್ಕೆ ನನಗೇನೂ ದೊಡ್ಡ ಯೋಗ್ಯತೆಯಿಲ್ಲ. ಒಂದು ಸಂಜೆ ಜೇಬಿನಲ್ಲಿ ಚೀಲ ಮುಗಿದಿತ್ತು, ಗುಂಡ ಕೂತೇಬಿಟ್ಟಿತು. ಸುತ್ತ ನೋಡಿದೆ. ಯಾರೂ ಇರಲಿಲ್ಲ. ಅದರ ಮೇಲೆ ನಾಲ್ಕು ಒಣಗಿದೆಲೆ ಮುಚ್ಚಿ ಬಂದೆ. ಮುಚ್ಚಿದ್ದು ಇನ್ನೂ ಕೆಟ್ಟದಾಯಿತು ಅಂತ ಮನೆ ಸೇರಿದ ಮೇಲೆ ಹೊಳೆಯಿತು, ಬಿಟ್ಟಿದ್ದರೆ ಕಾಣಿಸಿಯಾದರೂ ಕಾಣಿಸುತ್ತಿತ್ತು. ಆ 1996ರ ಕಾಯ್ದೆಯಲ್ಲಿ ಒಂದು ಮಾತಿದೆ. ನಾನು ನೋಡಲಿಲ್ಲ ಅನ್ನುವುದಾಗಲಿ, ಎತ್ತಲು ಕೈಯಲ್ಲಿ ಏನೂ ಇರಲಿಲ್ಲ ಅನ್ನುವುದಾಗಲಿ ನೆಪವಾಗುವುದಿಲ್ಲ ಅಂತ. ಬರೆದವರು ನಾಯಿ ಸಾಕಿದ್ದವರೇ ಇರಬೇಕು.

ಸ್ಪೇನಿನಲ್ಲಿ ಮ್ಯಾಡ್ರಿಡ್ ಹತ್ತಿರ ಬ್ರುನೆಟೆ ಅಂತ ಒಂದು ಸಣ್ಣ ಊರು. 2013ರಲ್ಲಿ ಅಲ್ಲಿ ಒಂದು ಉಪಾಯ ಮಾಡಿದರು. ಯಾರಾದರೂ ಗಲೀಜು ಬಿಟ್ಟು ಹೊರಟರೆ ಸ್ವಯಂಸೇವಕರೊಬ್ಬರು ಬಂದು 'ಎಷ್ಟು ಚೆನ್ನಾಗಿದೆ, ಯಾವ ತಳಿ? ಹೆಸರೇನು?' ಅಂತ ನಾಯಿಯನ್ನು ಮುದ್ದು ಮಾಡಿ ಹೋಗುತ್ತಿದ್ದರು. ಆ ತಳಿ, ಆ ಹೆಸರು ಸಾಕಿತ್ತು, ಊರಿನ ನಾಯಿ ದಾಖಲೆಯಲ್ಲಿ ಮನೆ ವಿಳಾಸ ಸಿಗುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲ ಬಾಗಿಲಿಗೊಂದು ಡಬ್ಬ ಬರುತ್ತಿತ್ತು. ಮೇಲೆ 'ಕಳೆದುಹೋದ ವಸ್ತು' ಅಂತ ಬರೆದಿರುತ್ತಿತ್ತು. ನೂರಕ್ಕೂ ಜಾಸ್ತಿ ಮನೆಗೆ ಹೀಗೆ ಡಬ್ಬ ಹೋಯಿತು. ಇದು ಗೊತ್ತಾದ ಮೇಲೆ ಯಾರಾದರೂ ಅಪರಿಚಿತರು ಗುಂಡನ ಹೆಸರು ಕೇಳಿದರೆ ನನಗೆ ಬೆನ್ನಲ್ಲಿ ಚಳುಕು.

ಮೊನ್ನೆ ಬೆಳಗ್ಗೆ ಆ ನೀಲಿ ಚೀಲವನ್ನು ತೆಗೆದೇಬಿಡೋಣ ಅನ್ನಿಸಿತು. ಗುಂಡ ತನ್ನ ಕೆಲಸ ಮುಗಿಸಿತ್ತು, ಅದರ ಚೀಲ ಹೇಗೂ ಎಡಗೈಯಲ್ಲಿತ್ತು. ಒಂದು ಹೊರುವವನಿಗೆ ಎರಡು ಹೊರೆಯೇ? ಬಲಗೈಯಿಂದ ಕೊಂಬೆ ಬಗ್ಗಿಸಿದೆ. ಮುಳ್ಳು ತೋಳಿಗೆ ಸಿಕ್ಕಿಕೊಂಡಿತು. ಹಾಗೇ ತುದಿಗಾಲಲ್ಲಿ ನಿಂತು ಗಂಟಿಗೆ ಬೆರಳು ಹಾಕಿದ್ದೆ, ತಿರುವಿನಿಂದ ಒಬ್ಬ ಹೆಂಗಸು ತನ್ನ ನಾಯಿಯ ಜೊತೆ ಬಂದಳು. ನಿಂತಳು. ಕೊಂಬೆ ನೋಡಿದಳು, ನನ್ನ ಕೈ ನೋಡಿದಳು, ಎಡಗೈಯ ಚೀಲ ನೋಡಿದಳು.

'ತೆಗೀತಾ ಇದ್ದೀನಿ' ಅಂದೆ.

ಆಕೆ ತಲೆಯಾಡಿಸಿದಳು. ನಂಬಿದವರು ತಲೆಯಾಡಿಸುವ ರೀತಿ ಬೇರೆ.

'ಇದು ನಂದಲ್ಲ, ಬಹಳ ದಿನದಿಂದ ಇಲ್ಲೇ ಇದೆ' ಅಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅಷ್ಟರಲ್ಲಿ ಹಳೆಯ ಪ್ಲಾಸ್ಟಿಕ್ಕು ಪರ್ರಂತ ಹರಿಯಿತು. ಒಳಗಿದ್ದಿದ್ದು ದಾರಿಯ ಮೇಲೆ, ಸರಿಯಾಗಿ ನಮ್ಮಿಬ್ಬರ ಮಧ್ಯೆ ಬಿತ್ತು. ಜೇಬು ತಡಕಿದೆ. ಇನ್ನೊಂದು ಚೀಲ ಇರಲಿಲ್ಲ.

ಆಕೆ ಏನೂ ಮಾತಾಡಲಿಲ್ಲ. ಸುರುಳಿಯಿಂದ ಒಂದು ಚೀಲ ಹರಿದು ಕೊಟ್ಟಳು. ಕೊಟ್ಟು, ಹೋಗಲಿಲ್ಲ. ನಾನು ಬಗ್ಗಿ, ಎತ್ತಿ, ಎರಡು ಗಂಟು ಬಿಗಿಯುವವರೆಗೆ ಅಲ್ಲೇ ನಿಂತು ನೋಡಿದಳು.