ತಂಗಿಯ ಸಹಿ ಮತ್ತು ಸೋದರಳಿಯನ ಅಗ್ನಿವೀರ ಅರ್ಜಿ

ನನ್ನ ಸೋದರಳಿಯನಿಗೆ ಈಗ ಹದಿನೇಳೂವರೆ ದಾಟಿದೆ. ನಾಲ್ಕು ವರ್ಷದ ಅವಧಿಗೆ ಸೈನ್ಯ ಸೇರುವ ಅಗ್ನಿವೀರನಾಗಲು ವಯಸ್ಸು ಅಲ್ಲಿಂದಲೇ ಆರಂಭವಾಗುತ್ತದೆ, ಆದರೆ ಹದಿನೆಂಟು ತುಂಬುವ ತನಕ ಸೇರ್ಪಡೆಯ ಕಾಗದಕ್ಕೆ ಪಾಲಕರ ಸಹಿ ಬೇಕು. ತಂದೆ ಇಲ್ಲದ ಹುಡುಗ. ಸವಣೂರು ತಾಲ್ಲೂಕಿನಲ್ಲಿ ಮೂರು ಎಕರೆ ಹೊಲ ನಂಬಿಕೊಂಡು ಗೋವಿನಜೋಳ ಬೆಳೆಯುವ ನನ್ನ ತಂಗಿ, ಹೋದ ತಿಂಗಳು ಹಾವೇರಿಯ ನಮ್ಮ ಮನೆಗೆ ಬಂದು, "ಅಣ್ಣಾ, ನೀನರ ಬ್ಯಾಡ ಅಂತ ಒಂದ ಮಾತ ಹೇಳು, ನಿನ್ನ ಮಾತ ಮೀರಂಗಿಲ್ಲ ಅವ" ಎಂದಳು. ಆ ಹೊತ್ತಿಗೆ ಮನೆಗೆ ಬಂದಿದ್ದ ಬೀಗರೊಬ್ಬರು, "ಮಿಲ್ಟ್ರಿಗೆ ಹೊಂಟ ಹುಡುಗನ ಕಾಲ ಎಳಿಯೂದು ದೇಶದ್ರೋಹ ನೋಡ್ರಿ ಸರ" ಎಂದರು. ನಗುತ್ತಲೇ ಅಂದರೂ ತಂಗಿಯ ಮುಖ ಸಣ್ಣದಾಯಿತು. ಬೀಗರ ಇಬ್ಬರು ಮಕ್ಕಳೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದಾರೆ. ಇದನ್ನು ಇಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟೆ.

ಸೈನ್ಯಕ್ಕೆ ಸೇರಬೇಡ ಎನ್ನುವುದನ್ನೇ ಅಪರಾಧವೆಂದು ಬರೆದ ಕಾನೂನೊಂದು ಈ ದೇಶದಲ್ಲಿ ನಿಜವಾಗಿಯೂ ಬಂದಿತ್ತು. 1938ರಲ್ಲಿ, ಯುರೋಪಿನಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಾಗ ಬ್ರಿಟಿಷ್ ಸರ್ಕಾರ ತಂದ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯು, ಜನರನ್ನು ಸೈನ್ಯ ಸೇರದಂತೆ ಉದ್ದೇಶಪೂರ್ವಕವಾಗಿ ತಡೆಯುವವರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಗೊತ್ತುಪಡಿಸಿತು. ಆದರೆ ಅದೇ ಕಾಯ್ದೆಯಲ್ಲಿ ಒಂದು ವಿನಾಯಿತಿಯೂ ಇದೆ: ಒಬ್ಬ ವ್ಯಕ್ತಿಯ ಹಿತಕ್ಕಾಗಿ, ಅಥವಾ ಅವನ ಕುಟುಂಬದವರ ಮತ್ತು ಅವನನ್ನು ಅವಲಂಬಿಸಿದವರ ಹಿತಕ್ಕಾಗಿ, ಒಳ್ಳೆಯ ಮನಸ್ಸಿನಿಂದ ಕೊಡುವ ಸಲಹೆ ಅಪರಾಧವಲ್ಲ. ಹಳ್ಳಿಯ ಅವ್ವ ಮಗನಿಗೆ "ಬ್ಯಾಡಪ್ಪಾ" ಎನ್ನುವುದನ್ನು ವಸಾಹತು ಸರ್ಕಾರವೂ ತಪ್ಪೆಂದು ಬರೆಯಲಿಲ್ಲ. ಗಾಂಧೀಜಿಯವರೇ 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ಸೈನ್ಯಕ್ಕೆ ಜನರನ್ನು ಕರೆದರು. 1940ರ ವೈಯಕ್ತಿಕ ಸತ್ಯಾಗ್ರಹದಲ್ಲಿ, ಬ್ರಿಟಿಷರ ಯುದ್ಧಕ್ಕೆ ಹಣವನ್ನಾಗಲಿ ಜನರನ್ನಾಗಲಿ ಕೊಡಬಾರದೆಂದು ಸಾರಲು ವಿನೋಬಾ ಭಾವೆ ಅವರನ್ನು ಮೊದಲಿಗರಾಗಿ ಆರಿಸಿದರು. ಹೋಗಿ ಎಂದವರೂ ಅವರೇ, ಬೇಡ ಎಂದವರೂ ಅವರೇ. ಹಾಗಾಗಿ ಬೀಗರ ಮಾತನ್ನು ನಾನು ಒಪ್ಪುವುದಿಲ್ಲ.

ಅದೇ ರೀತಿ, ಬಡವರ ಮಕ್ಕಳಿಗೆ ಆಸೆ ತೋರಿಸಿ ಎಳೆದೊಯ್ಯುತ್ತಾರೆ ಎಂದು ನಗರದಲ್ಲಿ ಕುಳಿತು ಬರೆಯುವವರ ಮಾತೂ ನಮ್ಮ ಕಡೆಗೆ ಹೊಂದುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹಾವೇರಿಯಲ್ಲೇ ಭರ್ತಿ ರ‍್ಯಾಲಿ ನಡೆದಾಗ ಹಲವು ಜಿಲ್ಲೆಗಳ ಹುಡುಗರು ಬಂದಿದ್ದರು. ಅವರನ್ನು ಯಾರೂ ಎಳೆದು ತಂದಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅಗ್ನಿವೀರ ಯೋಜನೆ ಘೋಷಣೆಯಾದಾಗ ಧಾರವಾಡದ ಬೀದಿಗಿಳಿದು ಪೊಲೀಸರ ಲಾಠಿ ಏಟು ತಿಂದವರ ದೂರು ಸೈನ್ಯದ ವಿರುದ್ಧವಾಗಿರಲಿಲ್ಲ. ಕೊರೊನಾ ಕಾರಣಕ್ಕೆ ಎರಡು ವರ್ಷ ಭರ್ತಿಯೇ ನಿಂತಿತ್ತು, ಕಾದು ಕುಳಿತವರ ವಯಸ್ಸು ಮೀರುತ್ತಿತ್ತು, ಕೊನೆಗೆ ಬಾಗಿಲು ತೆರೆದಾಗ ಸಿಕ್ಕದ್ದು ನಾಲ್ಕು ವರ್ಷದ ಕೆಲಸ. ಪ್ರತಿಭಟನೆಯಲ್ಲಿದ್ದವರಿಗೆ, ಎಫ್‌ಐಆರ್ ಇದ್ದವರಿಗೆ ಸೈನ್ಯದಲ್ಲಿ ಜಾಗವಿಲ್ಲ ಎಂದು ಸೇನೆಯ ಅಧಿಕಾರಿಗಳು ಆಗಲೇ ಎಚ್ಚರಿಸಿದರು. ಸೇರಲೇಬೇಕೆಂದು ಹಟ ಹಿಡಿದವರೇ ಸೇರದಂತಾಗುವ ಭಯ ಅದು.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಧಾರವಾಡದ ಸಪ್ತಾಪುರದ ಸುತ್ತ ನಡೆದರೆ ಕಂಬಕ್ಕೊಂದು ತರಬೇತಿಯ ಜಾಹೀರಾತು ಕಾಣುತ್ತದೆ. ಸೋದರಳಿಯ ಅಂಥದೊಂದರ ಕರಪತ್ರ ತಂದಿದ್ದ. ಸಮವಸ್ತ್ರದ ಚಿತ್ರ, ಧ್ವಜ, "ಸಂಬಳ 40,000" ಎಂಬ ದಪ್ಪ ಅಕ್ಷರ. ಅದು ನಾಲ್ಕನೆಯ ವರ್ಷದ ಸಂಬಳವೆಂದು ಎಲ್ಲಿಯೂ ಬರೆದಿರಲಿಲ್ಲ. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ ಶೇ 30ರಷ್ಟು, ಸೇವೆ ಮುಗಿದಾಗ ಕೈಸೇರುವ ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕು ವರ್ಷದಲ್ಲಿ ಹುಡುಗನ ಪಾಲು ಸುಮಾರು 5.02 ಲಕ್ಷ ಜಮೆಯಾಗುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸಿ ಬಡ್ಡಿಯೊಂದಿಗೆ ಕೊಡುತ್ತದೆ. ಕಾಯಂ ಆಗುವವರು ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ. ಉಳಿದವರಿಗೆ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹುಡುಗನ ಮುಂದಿಟ್ಟೆ. ಓದಿ, "ಮಾಮಾ, ಇಪ್ಪತ್ತೊಂದ ಸಾವಿರ ಇಲ್ಲಿ ಯಾರ ಕೊಡ್ತಾರ?" ಎಂದ. ಉತ್ತರ ನನ್ನಲ್ಲಿರಲಿಲ್ಲ.

ತಂಗಿಯ ಭಯಕ್ಕೆ ಒಂದು ಹೆಸರೂ ಇದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಹಿಮದಡಿ ಸಿಲುಕಿ, ಆರನೆಯ ದಿನ ಜೀವಂತ ಸಿಕ್ಕು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಕಡೆ ಹರಕೆ ಹೊರದ ಮನೆಯಿರಲಿಲ್ಲ. ಇಂದು ಅಗ್ನಿವೀರನೊಬ್ಬ ಕರ್ತವ್ಯದಲ್ಲಿ ಮಡಿದರೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಮತ್ತು ಸೇವಾನಿಧಿ ಸೇರಿ ದೊಡ್ಡ ಮೊತ್ತವೇ ಮನೆಗೆ ಬರುತ್ತದೆ. ಕಾಯಂ ಸೈನಿಕನ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಮಾತ್ರ ಇಲ್ಲ. ಒಂದೇ ಗಡಿಯಲ್ಲಿ, ಒಂದೇ ಚಳಿಯಲ್ಲಿ ನಿಲ್ಲುವ ಇಬ್ಬರ ನಡುವೆ ಈ ಭೇದ ಏಕೆಂದು ಕೇಳುವುದು ಭರ್ತಿಗೆ ಅಡ್ಡಿಪಡಿಸುವುದಲ್ಲ.

ನಾನೂ ತಪ್ಪಿತಸ್ಥನೇ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದವನು, ಪ್ರತಿ ಜನವರಿ 26ಕ್ಕೆ ಧ್ವಜದ ಕೆಳಗೆ ನಿಂತು "ನಿಮ್ಮೊಳಗೆ ಯಾರು ಸೈನಿಕರಾಗುತ್ತೀರಿ, ಕೈ ಎತ್ತಿ" ಎಂದು ಕೇಳಿದ್ದೇನೆ. ನನ್ನ ಮಕ್ಕಳೂ ಅದೇ ಮೈದಾನದಲ್ಲಿದ್ದರು. ಅವರು ಕೈ ಎತ್ತಿದ್ದರೇ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಕೊನೆಗೆ ನಾನು ಅವನಿಗೆ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಪದವಿಗೆ ಹೆಸರು ಹಚ್ಚಿಟ್ಟಿರು, ನಾಲ್ಕು ವರ್ಷದ ನಂತರ ಏನು ಮಾಡುವಿ ಎಂದು ಬರೆದು ತೋರಿಸು ಎಂದಷ್ಟೇ ಕೇಳಿದ್ದೇನೆ. ತಂಗಿಗೆ, ನಿನಗೆ ಒಪ್ಪಿಗೆಯಾಗುವವರೆಗೆ ಸಹಿ ಮಾಡಬೇಡ, ಯಾರು ಏನಂದರೂ ತಲೆ ತಗ್ಗಿಸಬೇಡ ಎಂದೆ. ಭರ್ತಿಯ ಪರೀಕ್ಷೆಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ. ಹುಡುಗ ಈಗ ಐದು ನಿಮಿಷ ನಲವತ್ತು ಸೆಕೆಂಡಿಗೆ ಬಂದಿದ್ದಾನೆ. ನಸುಕಿನಲ್ಲಿ ಅವನ ಜೊತೆ ಹೊಲದ ದಾರಿಗೆ ಬಂದು, ಮೊಬೈಲ್ ಹಿಡಿದು ಸಮಯ ನೋಡುವವಳು ತಂಗಿಯೇ. ಇನ್ನು ನಾಲ್ಕು ತಿಂಗಳಿಗೆ ಅವನಿಗೆ ಹದಿನೆಂಟು ತುಂಬುತ್ತದೆ, ಆಮೇಲೆ ಅವಳ ಸಹಿಯ ಅಗತ್ಯವೇ ಇರುವುದಿಲ್ಲ. ಅದು ಇಬ್ಬರಿಗೂ ಗೊತ್ತಿದೆ.