ಮೈಕ್ರೋಫೈಬರ್ ಬಟ್ಟೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ
ಮೈಕ್ರೋಫೈಬರ್ ಬಟ್ಟೆ ಮತ್ತು ಬರಿಯ ನೀರಿದ್ದರೆ ಅಡುಗೆಮನೆಗೆ ಬೇರೆ ಕ್ರಿಮಿನಾಶಕವೇ ಬೇಡ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. ಪಾಲಿಯೆಸ್ಟರ್ ಮತ್ತು ನೈಲಾನ್ ಸೇರಿಸಿ, ಸೀಳಿ ಮಾಡಿದ ಇದರ ಎಳೆಗಳು ಕೆಲವೇ ಮೈಕ್ರೋಮೀಟರ್ ದಪ್ಪವಿರುವುದರಿಂದ, ಹತ್ತಿಯ ಬಟ್ಟೆ ಸವರಿಕೊಂಡು ಹೋಗುವ ಜಿಡ್ಡನ್ನೂ ಅದರಲ್ಲಿ ಅಂಟಿಕೊಂಡಿರುವ, ಒಂದೆರಡು ಮೈಕ್ರೋಮೀಟರ್ ಉದ್ದದ ಬ್ಯಾಕ್ಟೀರಿಯಾಗಳನ್ನೂ ಒದ್ದೆ ಮೈಕ್ರೋಫೈಬರ್ ಕೆರೆದೆತ್ತಿ ತನ್ನ ಸಂದುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅವು ಅಲ್ಲಿ ಜೀವಂತವಾಗಿಯೇ ಇರುತ್ತವೆ. ಹಸಿ ಕೋಳಿ ಕತ್ತರಿಸಿದ ಕಟ್ಟೆಯನ್ನು ಒರೆಸಿದ ಬಟ್ಟೆಯಲ್ಲೇ ಊಟದ ಮೇಜನ್ನೂ ಒರೆಸಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮೇಜಿಗೂ ಬರಬಹುದು. ನಾಲ್ಕಾಗಿ ಮಡಚಿದರೆ ಒಂದೇ ಬಟ್ಟೆಯಲ್ಲಿ ಎಂಟು ಶುದ್ಧ ಮಗ್ಗುಲುಗಳು ಸಿಗುತ್ತವೆ, ನಿಜ. ಆದರೂ ಕೋಳಿ, ಮೀನಿನ ಜಾಗಕ್ಕೆ ಮಾತ್ರ ಬೇರೆ ಬಟ್ಟೆಯನ್ನೇ ಇಟ್ಟು, ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆದ ಮೇಲೆ ಕ್ರಿಮಿನಾಶಕವನ್ನೂ ಬಳಸುವುದು ಲೇಸು.

ಒಗೆಯುವ ವಿಷಯವನ್ನು ಲೇಖನ ಮುಟ್ಟಿಯೇ ಇಲ್ಲ, ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ. ಬಟ್ಟೆಯನ್ನು ಮೃದುವಾಗಿಸಲು ಹಾಕುವ ಫ್ಯಾಬ್ರಿಕ್ ಸಾಫ್ಟನರ್ ಎಳೆಗಳ ಸಂದನ್ನು ಮುಚ್ಚಿಬಿಡುತ್ತದೆ, ಕ್ಲೋರಿನ್ ಬ್ಲೀಚ್ ನೈಲಾನನ್ನು ಹಾಳು ಮಾಡುತ್ತದೆ, ಹತ್ತಿಯ ಟವೆಲ್ಲಿನ ಜೊತೆ ಮೆಷಿನ್ನಿಗೆ ಹಾಕಿದರೆ ಅದರ ಜುಂಗನ್ನೆಲ್ಲ ಈ ಬಟ್ಟೆ ಹೊತ್ತು ಬರುತ್ತದೆ. 60 ಡಿಗ್ರಿ ಬಿಸಿನೀರಿನಲ್ಲಿ ಬರಿಯ ಡಿಟರ್ಜೆಂಟ್ ಹಾಕಿ ಒಗೆದು, ಮತ್ತೆ ಬಳಸುವ ಮುನ್ನ ಪೂರ್ತಿ ಒಣಗಿಸಬೇಕು. ನಲ್ಲಿಯ ಮೇಲೆ ಮುದ್ದೆಯಾಗಿ ಬಿದ್ದಿರುವ ಒದ್ದೆ ಬಟ್ಟೆ, ಅದೆಷ್ಟೇ ದುಬಾರಿಯದಾದರೂ, ರಾತ್ರಿಯಿಡೀ ಬ್ಯಾಕ್ಟೀರಿಯಾವನ್ನು ಬೆಳೆಸುತ್ತಿರುತ್ತದೆ.